ಪರದೇಶದ ಕ್ರಿಸ್‌ಮಸ್ ಊಟ, ನಮ್ಮೂರಿನ ಅಡುಗೆಮನೆ

ನಾವಿಬ್ಬರೂ ಒಂದೇ ಊರಿನವರು. ಕಲಬುರಗಿ ಜಿಲ್ಲೆಯ ತೊಗರಿ ಹೊಲಗಳ ನಡುವಿನ ಸಣ್ಣ ಊರು. ಒಂದೇ ಸರ್ಕಾರಿ ಶಾಲೆ, ಒಂದೇ ಬಸ್ಸು, ಆಮೇಲೆ ಒಂದೇ ಕಾಲೇಜಿನಲ್ಲಿ ಗ್ರಾಮೀಣ ಪತ್ರಿಕೋದ್ಯಮ. ಒಂದೇ ಸೈಕಲ್ ಮೇಲೆ ಡಬಲ್ ಹೋದವರು, ಒಂದೇ ಕ್ಯಾಮೆರಾ ಹಂಚಿಕೊಂಡು ಪ್ರಾಜೆಕ್ಟ್ ಮುಗಿಸಿದವರು. ಆದರೂ ನಾವಿಬ್ಬರು ಒಂದು ಮನೆಯೊಳಗೆ, ಒಂದು ಮೇಜಿನ ಮುಂದೆ ಅಕ್ಕಪಕ್ಕ ಕೂತು ಮೊದಲ ಸಲ ಊಟ ಮಾಡಿದ್ದು 2022ರ ಡಿಸೆಂಬರ್ 24ರ ರಾತ್ರಿ. ಅದೂ ಜರ್ಮನಿಯ ಟ್ಯೂಬಿಂಗೆನ್ ಹತ್ತಿರದ ಒಂದು ಹಳ್ಳಿಯಲ್ಲಿ, ಗುರುತು ಪರಿಚಯ ಇಲ್ಲದ ಒಂದು ಕುಟುಂಬದ ಮನೆಯಲ್ಲಿ.

ಹೋಟೆಲು, ಹಾಸ್ಟೆಲು, ಮದುವೆ ಮಂಟಪ ಇವನ್ನು ನಾವು ಲೆಕ್ಕಕ್ಕೆ ಹಿಡಿದಿಲ್ಲ. ಅಲ್ಲೆಲ್ಲ ನೂರು ಸಲ ಒಟ್ಟಿಗೆ ಉಂಡಿದ್ದೇವೆ. ನಾವು ಹೇಳುತ್ತಿರುವುದು ಮನೆಯ ಮಾತು. ನಮ್ಮಲ್ಲೊಬ್ಬನ ಮನೆ ಊರೊಳಗಿದೆ, ಇನ್ನೊಬ್ಬನದು ಕೇರಿಯಲ್ಲಿದೆ. ಇಷ್ಟು ಹೇಳಿದರೆ ನಮ್ಮ ಓದುಗರಿಗೆ ಉಳಿದದ್ದು ಗೊತ್ತಾಗುತ್ತದೆ.

ಪರದೇಶದ ಮನೆಯಲ್ಲಿ ಕ್ರಿಸ್‌ಮಸ್ ಮಾಡಿ ಬಂದವರ ಬರಹಗಳನ್ನು ನಾವೂ ಓದಿದ್ದೇವೆ. ಹಿಮ, ಕೇಕು, ಬಣ್ಣದ ದೀಪ, ಉಡುಗೊರೆ, ಕೊನೆಗೆ ‘ಎಷ್ಟು ಒಳ್ಳೆಯ ಜನ’ ಎಂಬ ಒಂದು ಸಾಲು. ಜನ ಒಳ್ಳೆಯವರೇ, ನಾವೂ ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಯಾರೋ ನಮ್ಮನ್ನು ತಮ್ಮ ಹಬ್ಬದ ದಿನ ಅಡುಗೆಮನೆವರೆಗೂ ಕರೆದುಕೊಂಡರೆ, ಊರಿಗೆ ಬಂದ ಮೇಲೆ ನಮ್ಮ ಅಡುಗೆಮನೆಯ ಬಾಗಿಲ ಬಗ್ಗೆಯೂ ಒಂದು ಮಾತು ಆಡಬೇಕಾಗುತ್ತದೆ. ಅದನ್ನು ಬಿಟ್ಟು ಬರೀ ಕೇಕಿನ ಬಗ್ಗೆ ಬರೆದರೆ ಆ ಊಟದ ಋಣ ತೀರಿದಂತಾಗುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಮೊದಲು ಅಲ್ಲಿ ನಡೆದದ್ದು ಹೇಳುತ್ತೇವೆ.

ನಾವು ಒಂದು ವರ್ಷದ ವಿನಿಮಯ ವಿದ್ಯಾರ್ಥಿಗಳಾಗಿ ಅಕ್ಟೋಬರ್‌ನಲ್ಲಿ ಅಲ್ಲಿಗೆ ಹೋಗಿದ್ದೆವು. ನವೆಂಬರ್ ತನಕ ಎಲ್ಲ ಸರಿ ಇತ್ತು. ಡಿಸೆಂಬರ್ 20 ದಾಟಿದ ಮೇಲೆ ಹಾಸ್ಟೆಲ್ ಖಾಲಿಯಾಗತೊಡಗಿತು. ಹಗಲು ನಾಲ್ಕೂವರೆಗೆ ಕತ್ತಲು. ನಮ್ಮ ಮಹಡಿಯಲ್ಲಿ ಹನ್ನೆರಡು ಕೋಣೆ, ಉಳಿದದ್ದು ನಾವಿಬ್ಬರು ಮತ್ತು ಘಾನಾದ ಒಬ್ಬ ಹುಡುಗ. ಜರ್ಮನಿಯಲ್ಲಿ 24ರ ಮಧ್ಯಾಹ್ನ ಎರಡು ಗಂಟೆ ಹೊತ್ತಿಗೆ ಅಂಗಡಿಗಳು ಮುಚ್ಚುತ್ತವೆ. 25, 26 ಎರಡೂ ದಿನ ಸರ್ಕಾರಿ ರಜೆ. ನಮ್ಮಲ್ಲಿ ಹಬ್ಬ ಎಂದರೆ ಬೀದಿ ತುಂಬುತ್ತದೆ, ಅಲ್ಲಿ ಹಬ್ಬ ಎಂದರೆ ಬೀದಿ ಬರಿದಾಗುತ್ತದೆ. ಹಬ್ಬ ಇರುವುದು ಮನೆಯೊಳಗೆ. ಮನೆ ಇಲ್ಲದವನಿಗೆ ಆ ಮೂರು ದಿನ ಹೋಗಲು ಜಾಗವೇ ಇಲ್ಲ.

ಅದಕ್ಕೇ ಅಲ್ಲಿನ ಹಲವು ವಿಶ್ವವಿದ್ಯಾಲಯದ ಊರುಗಳಲ್ಲಿ ಒಂದು ಏರ್ಪಾಡಿದೆ. ಹೊರದೇಶದ ವಿದ್ಯಾರ್ಥಿಗಳನ್ನು ಸ್ಥಳೀಯ ಕುಟುಂಬಗಳು ಕ್ರಿಸ್‌ಮಸ್‌ಗೆ ಮನೆಗೆ ಕರೆಯುತ್ತವೆ. ನಾವೂ ಒಂದು ಅರ್ಜಿ ತುಂಬಿ ಕೊಟ್ಟೆವು. ಅದರಲ್ಲಿ ಕೇಳಿದ್ದು ನಾಲ್ಕೇ ಪ್ರಶ್ನೆ. ಏನು ತಿನ್ನುವುದಿಲ್ಲ? ನಾಯಿ, ಬೆಕ್ಕು ಇದ್ದರೆ ನಡೆಯುತ್ತದೆಯೇ? ಬಸ್ಸಿನಲ್ಲಿ ಬರುತ್ತೀರೋ, ನಾವೇ ಬಂದು ಕರೆದುಕೊಂಡು ಹೋಗಬೇಕೋ? ಚರ್ಚಿಗೆ ಬರುವ ಮನಸ್ಸಿದೆಯೋ, ಮನೆಯಲ್ಲೇ ಇರುತ್ತೀರೋ? ಮೊದಲ ಪ್ರಶ್ನೆಗೆ ಊರೊಳಗಿನವನು ‘ಮಾಂಸ, ಮೀನು, ಮೊಟ್ಟೆ’ ಎಂದು ಬರೆದ. ಕೇರಿಯವನು ‘ಏನೂ ಇಲ್ಲ, ಎಲ್ಲ ನಡೆಯುತ್ತದೆ’ ಎಂದು ಬರೆದ. ಅರ್ಜಿಯಲ್ಲಿ ಬೇರೇನೂ ಕೇಳಿರಲಿಲ್ಲ. ಬೆಂಗಳೂರಿನಲ್ಲಿ ಕೋಣೆ ಹುಡುಕುವಾಗ ‘ಯಾವ ಕಡೆಯವರು, ಯಾವ ಮಂದಿ’ ಎಂಬ ಪ್ರಶ್ನೆ ಕೇಳಿಸಿಕೊಂಡು ಬಂದ ನಮಗೆ ಅರ್ಜಿ ಅರ್ಧಕ್ಕೇ ಮುಗಿದುಹೋದಂತೆ ಅನ್ನಿಸಿತ್ತು.

ಆ ವರ್ಷ ಡಿಸೆಂಬರ್ 23ಕ್ಕೆ ನಮ್ಮಲ್ಲಿ ಎಳ್ಳಮಾವಾಸ್ಯೆ. ನಮ್ಮ ಭಾಗದ ರೈತರಿಗೆ ಇದು ಎಷ್ಟು ದೊಡ್ಡ ಹಬ್ಬ ಎಂಬುದನ್ನು ಬೆಂಗಳೂರು, ಮೈಸೂರು ಕಡೆಯವರಿಗೆ ಹೇಳಬೇಕು. ಹಿಂದಿನ ದಿನದಿಂದಲೇ ಸಜ್ಜೆ ರೊಟ್ಟಿ, ಭಜ್ಜಿ, ಎಳ್ಳು ಹೋಳಿಗೆ, ಶೇಂಗಾ ಹೋಳಿಗೆ, ಪುಂಡಿ ಪಲ್ಯ. ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಪೈರಿಗೆ ಪೂಜೆ ಮಾಡಿ, ಚರಗ ಚೆಲ್ಲಿ, ಬಂದವರಿಗೆಲ್ಲ ಉಣಬಡಿಸುವುದು. ‘ಹೊಲಕ್ಕ ಬರ್ರಿ’ ಎಂದು ಪಟ್ಟಣದ ಗೆಳೆಯರನ್ನು, ಬ್ಯಾಂಕಿನವರನ್ನು, ಮೇಷ್ಟ್ರುಗಳನ್ನು ಕರೆಯುತ್ತಾರೆ. ಆ ದಿನ ಇಬ್ಬರ ಮನೆಯಿಂದಲೂ ವಿಡಿಯೋ ಕಾಲ್ ಬಂತು. ಒಂದು ಫೋನಿನಲ್ಲಿ ಸ್ವಂತ ಹೊಲದ ಬದುವಿನ ಮೇಲೆ ಕೂತ ಕುಟುಂಬ. ಇನ್ನೊಂದರಲ್ಲಿ ಮಾಲೀಕರ ಹೊಲದ ಆಚೆ ತುದಿಯಲ್ಲಿ, ಜಾಲಿ ಮರದ ಕೆಳಗೆ ಕೂತ ಕುಟುಂಬ. ಎರಡೂ ಒಂದೇ ಹೊಲ. ನಾವಿಬ್ಬರೂ ಒಂದೇ ಮಂಚದ ಮೇಲೆ ಕೂತು ಎರಡು ಫೋನು ಹಿಡಿದಿದ್ದೆವು. ಇಬ್ಬರೂ ಏನೂ ಮಾತಾಡಲಿಲ್ಲ. ಚಿಕ್ಕಂದಿನಿಂದ ನೋಡಿದ ನೋಟವೇ ಅದು. ಎರಡು ಪರದೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದ್ದು ಮಾತ್ರ ಅದೇ ಮೊದಲು.

ಮರುದಿನ ಮಧ್ಯಾಹ್ನ ನಮ್ಮನ್ನು ಕರೆದುಕೊಂಡು ಹೋಗಲು ಒಬ್ಬ ಅಜ್ಜ ಕಾರು ತಂದರು. ನಿವೃತ್ತ ಬಡಗಿ. ಅಜ್ಜಿ ನಿವೃತ್ತ ಶಾಲಾ ಶಿಕ್ಷಕಿ. ಮಗಳು, ಅಳಿಯ, ಇಬ್ಬರು ಮೊಮ್ಮಕ್ಕಳು ಹಬ್ಬಕ್ಕೆ ಬಂದಿದ್ದರು. ಮೇಲಿನ ಮಹಡಿಯಲ್ಲಿ ಉಕ್ರೇನಿನ ಒಬ್ಬ ತಾಯಿ, ಆಕೆಯ ಹತ್ತು ವರ್ಷದ ಮಗ. ಯುದ್ಧ ಶುರುವಾದ ವರ್ಷ ಅದು. ಲಕ್ಷಾಂತರ ಉಕ್ರೇನಿಯನ್ನರು ಜರ್ಮನಿಗೆ ಬಂದಿದ್ದರು, ಹಲವರನ್ನು ಜನ ತಮ್ಮ ಮನೆಗಳಲ್ಲೇ ಇರಿಸಿಕೊಂಡಿದ್ದರು. ಗ್ಯಾಸಿನ ಬೆಲೆ ಏರಿದ್ದರಿಂದ ಮನೆಯೊಳಗೂ ಸ್ವೆಟರ್ ಹಾಕಿಕೊಂಡೇ ಎಲ್ಲರೂ ಓಡಾಡುತ್ತಿದ್ದರು. ಹಿಮ ಬೀಳುತ್ತದೆಂದು ಕಾದಿದ್ದ ನಮಗೆ ಸಿಕ್ಕಿದ್ದು ಒದ್ದೆ ರಸ್ತೆ.

ಬಾಗಿಲಲ್ಲೇ ಅಜ್ಜಿ ತಮ್ಮ ಹೆಸರು ಹಿಡಿದು ಕರೆಯಿರಿ, ‘ನೀವು’ ಬೇಡ, ‘ನೀನು’ ಅನ್ನಿ ಎಂದರು. ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೆ ನೀನು, ನೀವು ಎರಡಿದೆ. ಎಪ್ಪತ್ತರ ಹೆಂಗಸನ್ನು ಹೆಸರು ಹಿಡಿದು ಕರೆಯಲು ನಮಗೆ ನಾಲಿಗೆ ಏಳಲಿಲ್ಲ. ‘ನಮ್ಮ ಕಡೆ ಅಜ್ಜಿ ಅನ್ನುತ್ತೇವೆ’ ಎಂದೆವು. ಅವರು ಎರಡು ಸಲ ಹೇಳಿ ನೋಡಿ, ಸರಿ ಎಂದರು. ಮೊಮ್ಮಕ್ಕಳೂ ಮೂರು ದಿನ ‘ಅಜ್ಜಿ’ ಎಂದೇ ಕೂಗಿದವು.

ಕೋಟು ಬಿಚ್ಚಿ ಐದು ನಿಮಿಷ ಆಗಿರಲಿಲ್ಲ, ಅಜ್ಜಿ ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು ಒಂದು ಬುಟ್ಟಿ ಬೇಯಿಸಿದ ಆಲೂಗಡ್ಡೆ, ಎರಡು ಚಾಕು ಮುಂದಿಟ್ಟರು. ಸಿಪ್ಪೆ ತೆಗೆಯಿರಿ ಎಂದರು. ಹಬ್ಬದ ರಾತ್ರಿ ದೊಡ್ಡ ಔತಣ ಇರುತ್ತದೆ ಎಂದುಕೊಂಡಿದ್ದೆವು. ಆದರೆ ಜರ್ಮನಿಯ ಬಹಳ ಮನೆಗಳಲ್ಲಿ 24ರ ರಾತ್ರಿ ಊಟ ಆಲೂಗಡ್ಡೆ ಸಲಾಡ್ ಮತ್ತು ಸಾಸೇಜ್, ಅಷ್ಟೇ. ದೊಡ್ಡ ಅಡುಗೆ 25ಕ್ಕೆ. ಆ ಭಾಗಕ್ಕೆ ಶ್ವಾಬೆನ್ ಎನ್ನುತ್ತಾರೆ. ಅಲ್ಲಿ ಈ ಸಲಾಡಿಗೆ ಮಯೋನೀಸ್ ಹಾಕುವುದಿಲ್ಲ. ಬಿಸಿ ಆಲೂಗಡ್ಡೆ ಹೋಳುಗಳ ಮೇಲೆ ಮಾಂಸದ ಸಾರು, ವಿನೆಗರ್, ಎಣ್ಣೆ, ಸಾಸಿವೆ ಪೇಸ್ಟ್, ಹೆಚ್ಚಿದ ಈರುಳ್ಳಿ ಹಾಕಿ ಕಲಸುತ್ತಾರೆ. ಅಜ್ಜಿ ಎರಡು ಬಟ್ಟಲು ತೆಗೆದರು. ದೊಡ್ಡದಕ್ಕೆ ಮಾಂಸದ ಸಾರು. ಸಣ್ಣದಕ್ಕೆ ತರಕಾರಿಯ ಸಾರು, ಅದನ್ನು ಬೆಳಿಗ್ಗೆಯೇ ಪ್ರತ್ಯೇಕವಾಗಿ ಕುದಿಸಿಟ್ಟಿದ್ದರು. ಚಮಚವೂ ಬೇರೆ. ‘ಇದು ನಿನಗೆ’ ಎಂದು ಊರೊಳಗಿನವನಿಗೆ ತೋರಿಸಿದರು.

ಬೇರೆ ಬಟ್ಟಲು, ಬೇರೆ ಚಮಚ. ಕೇರಿಯವನ ಚಾಕು ಅಲ್ಲೇ ನಿಂತಿತು. ನಾವು ಸಣ್ಣವರಿದ್ದಾಗ ಊರಿನ ಚಹಾದಂಗಡಿಯಲ್ಲಿ ಕೇರಿಯವರಿಗೆ ಬೇರೆ ಲೋಟ ಇತ್ತು. ಹೊರಗಿನ ಗೂಟಕ್ಕೆ ತೂಗುಹಾಕಿರುತ್ತಿದ್ದರು, ಕುಡಿದವರೇ ತೊಳೆದಿಡಬೇಕು. ಈಗ ಕಾಗದದ ಕಪ್ ಬಂದಿದೆ, ಆ ಸಮಸ್ಯೆ ಬಗೆಹರಿಯಿತು ಎನ್ನುತ್ತಾರೆ. ಬಗೆಹರಿದದ್ದು ಲೋಟದ ಸಮಸ್ಯೆ ಮಾತ್ರ. ಬೇರೆ ಪಾತ್ರೆ ಎಂದರೆ ಅವನಿಗೆ ಹುಟ್ಟಿದಾಗಿನಿಂದ ಗೊತ್ತಿದ್ದದ್ದು ಒಂದೇ ಅರ್ಥ. ಬಂದವನು ನೆಮ್ಮದಿಯಿಂದ ಉಣ್ಣಲಿ ಎಂದು ಬೇರೆ ಪಾತ್ರೆ ಇಡುವುದು ಒಂದು. ಬಂದವನಿಂದ ನಮ್ಮ ಪಾತ್ರೆ ಮೈಲಿಗೆ ಆಗದಿರಲಿ ಎಂದು ಬೇರೆ ಪಾತ್ರೆ ಇಡುವುದು ಇನ್ನೊಂದು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಆ ಸಂಜೆ ಎರಡು ಬಟ್ಟಲೂ ಒಂದೇ ಮೇಜಿನ ಮೇಲೆ ಬಂದವು. ಎಲ್ಲರೂ ಎರಡರಿಂದಲೂ ಬಡಿಸಿಕೊಂಡರು. ಅಜ್ಜನಿಗೆ ಸಣ್ಣ ಬಟ್ಟಲಿನದೇ ಹೆಚ್ಚು ಹಿಡಿಸಿತು.

ಊಟಕ್ಕೆ ಮೊದಲು ಚರ್ಚಿಗೆ ಹೋಗಿದ್ದೆವು. ಮಕ್ಕಳ ಗೋದಲಿ ನಾಟಕ ಇತ್ತು. ಬಾಗಿಲಲ್ಲಿ ನಮ್ಮಲ್ಲೊಬ್ಬ ಒಂದು ಕ್ಷಣ ನಿಂತ. ಅಭ್ಯಾಸ. ಅಜ್ಜ ಹಿಂದಿನಿಂದ ಬೆನ್ನಿಗೆ ಕೈಯಿಟ್ಟು ಒಳಗೆ ನಡೆಸಿದರು, ಜನ ನೂಕುತ್ತಿದ್ದರು ಎಂಬ ಕಾರಣಕ್ಕಷ್ಟೇ. ಅವರಿಗೆ ಇದೇನೂ ಗೊತ್ತಿರಲಿಲ್ಲ. ನಾಟಕದ ಕಥೆ ಎಲ್ಲರಿಗೂ ತಿಳಿದದ್ದೇ. ದಿನ ತುಂಬಿದ ಬಸುರಿಯನ್ನು ಕರೆದುಕೊಂಡು ಗಂಡ ಮನೆ ಮನೆ ಬಾಗಿಲು ತಟ್ಟುತ್ತಾನೆ, ಎಲ್ಲರೂ ಜಾಗ ಇಲ್ಲ ಎನ್ನುತ್ತಾರೆ, ಕೊನೆಗೆ ಕೊಟ್ಟಿಗೆ. ಛತ್ರದ ಯಜಮಾನನ ಪಾತ್ರ ಮಾಡಿದ ಏಳೆಂಟು ವರ್ಷದ ಹುಡುಗ ರಟ್ಟಿನ ಬಾಗಿಲನ್ನು ಎಷ್ಟು ಜೋರಾಗಿ ಮುಚ್ಚಿದನೆಂದರೆ ಅದು ಕಿತ್ತು ಬಂತು. ಜನ ನಕ್ಕರು. ನಾವೂ ನಕ್ಕೆವು. ಕ್ರಿಸ್‌ಮಸ್ಸಿನ ಮೂಲ ಕಥೆಯಲ್ಲೇ ಬಾಡಿಗೆ ಕೋಣೆ ಸಿಗದ ಒಂದು ಕುಟುಂಬ ಇದೆ ಎಂಬುದು ನಮಗೆ ಹೊಳೆದದ್ದು ಅಲ್ಲಿ, ಹಿಂದಿನ ಸಾಲಿನಲ್ಲಿ ಕೂತಾಗ.

ಮನೆಗೆ ಬಂದ ಮೇಲೆ ಗಂಟೆ ಬಾರಿಸಿದರು, ಮುಚ್ಚಿದ್ದ ಕೋಣೆಯ ಬಾಗಿಲು ತೆರೆಯಿತು. ಗಿಡಕ್ಕೆ ನಿಜವಾದ ಮೇಣದ ಬತ್ತಿಗಳು. ಪಕ್ಕದಲ್ಲಿ ಒಂದು ಬಕೆಟ್ ನೀರು, ಬೆಂಕಿ ಹತ್ತಿದರೆ ಇರಲಿ ಎಂದು. ಜರ್ಮನಿಯ ದಕ್ಷಿಣದ ಕಡೆ ಉಡುಗೊರೆ ತರುವುದು ಕೆಂಪು ಟೋಪಿಯ ತಾತನಲ್ಲ, ಬಾಲಯೇಸು ಎಂಬ ನಂಬಿಕೆ. ನಮ್ಮಿಬ್ಬರ ಹೆಸರಲ್ಲೂ ಒಂದೊಂದು ಪೊಟ್ಟಣ ಇತ್ತು. ಬಿಚ್ಚಿದರೆ ಉಣ್ಣೆಯ ಕಾಲುಚೀಲ. ನಾವು ಒಯ್ದಿದ್ದು ಊರಿನ ಶೇಂಗಾ ಚಟ್ನಿಪುಡಿ.

ಊಟದ ನಡುವೆ ಕನ್ನಡದ ಮಾತು ಬಂತು. ಟ್ಯೂಬಿಂಗೆನ್ ನಮಗೆ ಪೂರ್ತಿ ಪರಊರಲ್ಲ ಎಂದೆವು. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದ ಫರ್ಡಿನಾಂಡ್ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಅದೇ ಊರಿನಲ್ಲಿ. 1843ರ ಜುಲೈ 1ರಂದು ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರತಂದ ಹರ್ಮನ್ ಮೊಗ್ಲಿಂಗ್ ಹುಟ್ಟಿದ್ದು ಅದೇ ರಾಜ್ಯದ ಬ್ರಾಕೆನ್‌ಹೈಮ್‌ನಲ್ಲಿ. ಪ್ರತಿ ಜುಲೈ 1ಕ್ಕೆ ನಾವು ಪತ್ರಿಕಾ ದಿನ ಆಚರಿಸುವುದು ಅದರ ನೆನಪಿಗೇ ಎಂದಾಗ ಅಜ್ಜ ಊಟ ಬಿಟ್ಟು ನಕಾಶೆ ತಂದರು. ಆ ಇಬ್ಬರೂ ಬಾಸೆಲ್ ಮಿಷನ್ನಿನ ಕೆಲಸಕ್ಕೆ ಬಂದವರು, ಅವರ ಉದ್ದೇಶ ಬೇರೆ ಇತ್ತು, ಅದು ಇಲ್ಲಿಯ ಚರ್ಚೆಯಲ್ಲ. ಆದರೆ ಪರದೇಶಿಯೊಬ್ಬನಿಗೆ ನಿಘಂಟು ಮಾಡುವಷ್ಟು ಕನ್ನಡ ಬರಬೇಕಾದರೆ ಯಾರೋ ಅವನನ್ನು ಹತ್ತಿರ ಕೂರಿಸಿಕೊಂಡು ಒಲೆಗೆ ಏನನ್ನುತ್ತಾರೆ, ಒರಳಿಗೆ ಏನನ್ನುತ್ತಾರೆ ಎಂದು ಹೇಳಿರಲೇಬೇಕು. ಜಗುಲಿಯಲ್ಲೇ ನಿಲ್ಲಿಸಿದವನಿಗೆ ಆ ಮಾತುಗಳು ಸಿಗುವುದಿಲ್ಲ.

ಇಷ್ಟು ಹೇಳಿದ ಮೇಲೆ ‘ನೋಡಿ, ಪರದೇಶದವರು ಎಷ್ಟು ದೊಡ್ಡವರು’ ಎಂದು ಮುಗಿಸಿದರೆ ಅದು ಸುಳ್ಳಾಗುತ್ತದೆ. ಜರ್ಮನ್ನರು 24ರ ರಾತ್ರಿ ಪಕ್ಕದ ಮನೆಯವರನ್ನೂ ಕರೆಯುವುದಿಲ್ಲ. ಅದು ಮನೆಯವರದ್ದೇ ರಾತ್ರಿ. ನಮ್ಮನ್ನು ಕರೆದವರು ರೂಢಿ ಮುರಿದು ಕರೆದವರು. 25ರ ಊಟಕ್ಕೆ ಬಂದ ಅವರ ಸಂಬಂಧಿಯೊಬ್ಬರು ‘ಇಂಡಿಯಾದಲ್ಲಿ ನಿಮ್ಮ ಮನೆಗೆ ನೀರು ಬರುತ್ತದೆಯೇ’ ಎಂದು ಮೂರು ಸಲ ಕೇಳಿದರು. ಬೇರೆ ಊರಿನಲ್ಲಿದ್ದ ನಮ್ಮ ಗೆಳತಿಯೊಬ್ಬಳಿಗೆ ಅತಿಥೇಯ ಮನೆಯವರು ಸೀರೆ ಉಟ್ಟುಕೊಂಡು ಬರಲು ಹೇಳಿ, ಬಂದವರಿಗೆಲ್ಲ ತೋರಿಸಿ ಫೋಟೋ ಹೊಡೆಸಿದರು. ಆಕೆ ಮರುವರ್ಷ ಯಾರ ಮನೆಗೂ ಹೋಗಲಿಲ್ಲ. ಕರೆಯುವುದು ಬೇರೆ, ಪ್ರದರ್ಶನಕ್ಕೆ ಇಡುವುದು ಬೇರೆ.

ಇನ್ನೊಂದು ಸಂಗತಿ ಅಜ್ಜಿಯೇ ಹೇಳಿದ್ದು. 26ರ ಬೆಳಿಗ್ಗೆ ನಡೆದಾಡಲು ಹೋದಾಗ ಊರ ಹೊರಗೆ, ಆಟದ ಮೈದಾನದ ಆಚೆ ಕಂಟೇನರ್‌ಗಳಿಂದ ಮಾಡಿದ ಮನೆಗಳ ಸಾಲು ಕಂಡಿತು. ಆಶ್ರಯ ಕೋರಿ ಬಂದ ಸಿರಿಯಾ, ಅಫ್ಘಾನಿಸ್ತಾನದವರು ಅಲ್ಲಿದ್ದರು. ‘ಇಲ್ಲಿದ್ದವರನ್ನು ನಾನು ಒಂದು ಸಲವೂ ಮನೆಗೆ ಕರೆದಿಲ್ಲ. ವಿದ್ಯಾರ್ಥಿಗಳನ್ನು ಕರೆಯುವುದು ಸುಲಭ. ನೀವು ಹೊರಟು ಹೋಗುತ್ತೀರಿ’ ಎಂದರು ಅಜ್ಜಿ. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಆ ಊರಿಗೂ ಒಂದು ಕೇರಿ ಇತ್ತು.

ಅದಕ್ಕೇ ನಾವು ಹೇಳುವುದು, ಪರದೇಶದ ಮನೆಯನ್ನು ನಮ್ಮ ಮನೆಗೆ ಹೋಲಿಸಿ ಮೇಲು ಕೀಳು ಮಾಡುವುದರಲ್ಲಿ ಹುರುಳಿಲ್ಲ. ಅವರಿಗೆ ನಮ್ಮ ಜಾತಿ ಗೊತ್ತಿಲ್ಲ, ಆದ್ದರಿಂದ ನಮ್ಮಿಬ್ಬರನ್ನು ಒಂದೇ ಮೇಜಿಗೆ ಕೂರಿಸಲು ಅವರಿಗೆ ಯಾವ ಧೈರ್ಯವೂ ಬೇಕಿರಲಿಲ್ಲ. ಅವರ ಪರೀಕ್ಷೆ ಮೈದಾನದ ಆಚೆ ಇದೆ, ಅದನ್ನು ಅವರು ಒಪ್ಪಿಕೊಂಡರು. ನಮ್ಮ ಪರೀಕ್ಷೆ ಎಲ್ಲಿದೆ ಎಂದು ನಾವೂ ಒಪ್ಪಿಕೊಳ್ಳಬೇಕು.

26ರ ಮಧ್ಯಾಹ್ನ ಆ ಅಡುಗೆಮನೆಯಲ್ಲಿ ನಾವು ಶೇಂಗಾ ಹೋಳಿಗೆ ಮಾಡಿದೆವು. ಹಬ್ಬ ತಪ್ಪಿಸಿಕೊಂಡ ಹೊಟ್ಟೆಕಿಚ್ಚು. ಬೆಲ್ಲ ಸಿಗದೆ ಕಂದು ಸಕ್ಕರೆ ಹಾಕಿದೆವು, ಹೂರಣ ಹೊರಗೆ ಬಂದು ಹಂಚಿಗೆ ಅಂಟಿತು. ಒಬ್ಬ ಲಟ್ಟಿಸಿದ, ಒಬ್ಬ ಬೇಯಿಸಿದ. ಊರಿನಲ್ಲಿ ಈ ಎರಡು ಕೈ ಒಂದು ಹಿಟ್ಟಿಗೆ ಬಿದ್ದದ್ದೇ ಇಲ್ಲ. ಮೇಲಿನ ಮಹಡಿಯ ತಾಯಿ, ಮಗ ಇಳಿದು ಬಂದರು. ಅವರ ಕ್ರಿಸ್‌ಮಸ್ ಆಗ ಜನವರಿ 7ಕ್ಕೆ. ‘ನನ್ನ ಹಬ್ಬಕ್ಕೆ ನೀವೆಲ್ಲ ಮೇಲೆ ಬನ್ನಿ’ ಎಂದಳು ಆಕೆ. ಜನವರಿ 7ಕ್ಕೆ ಅಜ್ಜ, ಅಜ್ಜಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೈಯಲ್ಲಿ ಹೂ ಹಿಡಿದು, ತಮ್ಮದೇ ಮನೆಯ ಮೆಟ್ಟಿಲು ಹತ್ತಿ, ತಾವೇ ಕೊಟ್ಟ ಕೋಣೆಯ ಬಾಗಿಲು ತಟ್ಟಿ, ಒಳಗೆ ಬರಬಹುದೇ ಎಂದು ಕೇಳಿದರು. ನಾವು ಹಿಂದೆ ನಿಂತಿದ್ದೆವು.

ನಮಗೆ ಆ ಮೂರು ವಾರದಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದು. ಕರೆದು ಉಣಿಸುವುದು ಅರ್ಧ ಕೆಲಸ. ಕರೆದಾಗ ಹೋಗಿ ಉಣ್ಣುವುದು ಇನ್ನರ್ಧ. ನಮ್ಮೂರಿನಲ್ಲಿ ಜಾತ್ರೆಗೆ, ಮದುವೆಗೆ ಕೇರಿಗೂ ಊಟ ಹೋಗುತ್ತದೆ. ‘ನಾವು ಯಾರನ್ನೂ ಹಸಿದು ಕಳಿಸಿಲ್ಲ’ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಕೇರಿಯ ಮದುವೆಗೆ ಹೋಗಿ ಆಯೇರಿ ಮಾಡುವ ಅದೇ ಹಿರಿಯರು ಅಲ್ಲಿ ಒಂದು ಲೋಟ ನೀರು ಕುಡಿಯದೆ ಎದ್ದು ಬರುತ್ತಾರೆ. ಕೊಡುವ ಕೈ ಮಾತ್ರ ಇದ್ದು, ತೆಗೆದುಕೊಳ್ಳುವ ಕೈ ಇಲ್ಲದಿದ್ದರೆ ಅದನ್ನು ಆತಿಥ್ಯ ಎಂದು ಕರೆಯಲು ಬರುವುದಿಲ್ಲ.

ಅಸ್ಪೃಶ್ಯತೆಯನ್ನು ಸಂವಿಧಾನದ 17ನೇ ವಿಧಿ ರದ್ದು ಮಾಡಿದೆ. ದೌರ್ಜನ್ಯ ತಡೆಗೆ 1989ರ ಕಾಯ್ದೆ ಇದೆ. ಕೆರೆ, ಬಾವಿ, ಗುಡಿ, ಹೋಟೆಲು, ಕ್ಷೌರದಂಗಡಿ ಇವುಗಳ ಬಾಗಿಲು ತೆರೆಸಲು ಕಾನೂನಿನ ಬಲ ಬೇಕು, ಇನ್ನೂ ಬಹಳ ಕಡೆ ಬೇಕಾಗಿದೆ. ಆದರೆ ಯಾವ ತಹಶೀಲ್ದಾರರೂ ಬಂದು ಯಾರ ಮನೆಯ ಅಡುಗೆಮನೆ ಬಾಗಿಲನ್ನೂ ತೆರೆಸಲಾರರು, ತೆರೆಸಲೂಬಾರದು. ಅಲ್ಲಿಗೆ ಇರುವುದು ಒಂದೇ ದಾರಿ, ಒಳಗಿನವರು ಕರೆಯಬೇಕು.

‘ನನ್ನ ಮನೆಗೆ ಯಾರನ್ನು ಕರೆಯಬೇಕು ಅನ್ನೋದು ನನಗೆ ಬಿಟ್ಟದ್ದು’ ಎನ್ನುವವರಿದ್ದಾರೆ. ಹೌದು, ನಿಮಗೇ ಬಿಟ್ಟದ್ದು. ಅದಕ್ಕೇ ಈ ಮಾತನ್ನು ಸರ್ಕಾರಕ್ಕೆ ಹೇಳದೆ ನಿಮಗೆ ಹೇಳುತ್ತಿದ್ದೇವೆ. ‘ಒಂದು ಊಟದಿಂದ ಜಾತಿ ಹೋಗುತ್ತದೆಯೇ’ ಎನ್ನುವವರೂ ಇದ್ದಾರೆ. ನಮ್ಮಲ್ಲಿ ಕೇರಿಯವನದ್ದೂ ಅದೇ ಪ್ರಶ್ನೆ. ಭೂಮಿ ಬೇಕು, ಕೂಲಿ ಸರಿಯಾಗಿ ಬೇಕು, ಓದು ಬೇಕು, ಹೋಳಿಗೆಯಿಂದ ಇದ್ಯಾವುದೂ ಬರುವುದಿಲ್ಲ ಎಂಬುದು ಅವನ ವಾದ. ಊರೊಳಗಿನವನು ಇಲ್ಲ ಅನ್ನುವುದಿಲ್ಲ. ಒಟ್ಟಿಗೆ ಉಣ್ಣದವರು ಅವುಗಳಿಗಾಗಿ ಒಟ್ಟಿಗೆ ನಿಲ್ಲುವುದೂ ಕಷ್ಟ ಎಂಬುದು ಅವನ ಮಾತು. ಈ ಬರಹ ಬರೆಯುವಾಗ ಇದರ ಮೇಲೆ ಎರಡು ಸಲ ಜಗಳ ಆಗಿದೆ, ಇನ್ನೂ ಮುಗಿದಿಲ್ಲ.

ಊರಿಗೆ ಬಂದ ಮೇಲೆ ಏನಾಯಿತು ಎಂದು ಹೇಳದಿದ್ದರೆ ಬೇರೆಯವರಿಗೆ ಬುದ್ಧಿ ಹೇಳಿದಂತಾಗುತ್ತದೆ.

2024ರ ಡಿಸೆಂಬರ್ 30ಕ್ಕೆ ಎಳ್ಳಮಾವಾಸ್ಯೆ ಬಂತು. ಊರೊಳಗಿನವನು ಮನೆಯಲ್ಲಿ ಮೊದಲೇ ಮಾತಾಡಿದ್ದ. ಆ ದಿನ ಹೊಲದಲ್ಲಿ ಬದುವಿನ ಈಚೆ ಒಂದೇ ಸಾಲು ಕೂತಿತು. ಎರಡೂ ಮನೆಯವರು, ನಾವು, ಪಟ್ಟಣದಿಂದ ಬಂದ ಗೆಳೆಯರು. ಅವನ ದೊಡ್ಡಪ್ಪ ಎದ್ದು ಟ್ರ್ಯಾಕ್ಟರ್ ನೆರಳಿಗೆ ಹೋಗಿ ಒಬ್ಬರೇ ಉಂಡರು, ಯಾರ ಜೊತೆಗೂ ಜಗಳ ಮಾಡಲಿಲ್ಲ. ಅವನ ಅವ್ವ ಎಲ್ಲರಿಗೂ ಒಂದೇ ಬುಟ್ಟಿಯಿಂದ ಬಡಿಸಿದರು. ಬಡಿಸುವಾಗ ಕೈ ಸ್ವಲ್ಪ ಮೇಲಿನಿಂದಲೇ ಬಿಟ್ಟರು, ಅದನ್ನು ಇಬ್ಬರೂ ನೋಡಿದೆವು. ಮನೆಯ ಅಡುಗೆಮನೆ ಇನ್ನೂ ದೂರವೇ ಇದೆ. ಪಡಸಾಲೆ ದಾಟಿ ನಡುಮನೆವರೆಗೆ ಬಂದಾಗಿದೆ.

ಮುಂದಿನ ವಾರ ಊರೊಳಗಿನವನು ಕೇರಿಯ ಮನೆಗೆ ಊಟಕ್ಕೆ ಹೋದ. ಅಲ್ಲಿ ಹೆದರಿದ್ದು ಅವನಲ್ಲ, ಬಡಿಸುವ ಅವ್ವ. ‘ನಮ್ಮ ಮನ್ಯಾಗ ಉಣ್ತೀಯೇನಪ್ಪಾ? ನಿಮ್ಮ ಮಂದಿಗೆ ಗೊತ್ತಾದ್ರ ನಮಗ ಏನಂತಾರ?’ ಎಂದು ಬಾಗಿಲು ಮುಂದೆ ಮಾಡಿದರು. ತಪ್ಪು ಮಾಡುತ್ತಿರುವುದು ತಾವೇ ಎಂಬಂತೆ. ರೊಟ್ಟಿ, ಬದನೆಕಾಯಿ, ಮೊಸರು. ತಟ್ಟೆ ಹೊಸದು, ಸ್ಟಿಕರ್ ಕೂಡ ಪೂರ್ತಿ ಹೋಗಿರಲಿಲ್ಲ. ಗಡಿಗೆಯೂ ಹೊಸದು. ‘ನಿನ್ನ ಸಲುವಾಗಿ ಬ್ಯಾರೆ ತಂದೀನಿ, ಇದರಾಗ ಏನೂ ಮಾಡಿಲ್ಲ’ ಎಂದರು. ಟ್ಯೂಬಿಂಗೆನ್ ಹತ್ತಿರದ ಅಜ್ಜಿ ಇಟ್ಟ ಸಣ್ಣ ಬಟ್ಟಲು ನೆನಪಾಯಿತು. ಆ ಅಜ್ಜಿ ಪಿಂಚಣಿ ಬರುವವರು. ಈ ಅವ್ವ ಎರಡು ದಿನದ ಕೂಲಿ ಹಾಕಿ ತಟ್ಟೆ ತಂದಿದ್ದರು. ಊರೊಳಗಿನವನು ತಲೆ ತಗ್ಗಿಸಿಕೊಂಡು ಉಂಡ, ಎರಡನೇ ರೊಟ್ಟಿ ಕೇಳಿ ಹಾಕಿಸಿಕೊಂಡ. ಮುಂದಿನ ಸಲ ಹಳೆಯ ತಟ್ಟೆಯಲ್ಲೇ ಹಾಕು ಎಂದು ಹೇಳಿ ಬಂದಿದ್ದಾನೆ.

ಪರದೇಶಕ್ಕೆ ಓದಲು ಹೋಗುವ ನಮ್ಮ ತಮ್ಮ ತಂಗಿಯರಿಗೆ ಒಂದು ಮಾತು. ಹಬ್ಬಕ್ಕೆ ಯಾರಾದರೂ ಮನೆಗೆ ಕರೆದರೆ ಹೋಗಿ. ಸಂಕೋಚಕ್ಕೆ ಕೋಣೆಯಲ್ಲಿ ಉಳಿಯಬೇಡಿ. ಏನು ತಿನ್ನುವುದಿಲ್ಲ ಎಂಬುದನ್ನು ಮೊದಲೇ ಹೇಳಿ, ಊಟದ ಮೇಜಿನ ಮುಂದೆ ಹೇಳಿದರೆ ಅವರಿಗೂ ಮುಜುಗರ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ, ನಮ್ಮ ಅರ್ಧ ಗಂಟೆ ಅಲ್ಲಿ ನಡೆಯುವುದಿಲ್ಲ. ದುಬಾರಿ ಉಡುಗೊರೆ ಬೇಡ, ಊರಿನ ಚಟ್ನಿಪುಡಿ ಸಾಕು. ಪ್ರಾರ್ಥನೆಗೆ ಹೋಗಲು ಮನಸ್ಸಿಲ್ಲದಿದ್ದರೆ ಬಾಯಿಬಿಟ್ಟು ಹೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಪಾತ್ರೆ ತೊಳೆಯಲು ನಿಲ್ಲಿ, ಅಸಲಿ ಮಾತುಕತೆ ನಡೆಯುವುದು ಅಲ್ಲೇ. ಬೊಂಬೆ ಮಾಡಿ ನಿಲ್ಲಿಸುವ ಮನೆಯಾದರೆ ಎರಡನೇ ಸಲ ಹೋಗಬೇಡಿ.

ಊರಲ್ಲೇ ಇರುವವರಿಗೂ ಒಂದು ಮಾತು. ಕಲಬುರಗಿ, ಧಾರವಾಡ, ಮೈಸೂರು, ಮಂಗಳೂರಿನ ಹಾಸ್ಟೆಲುಗಳಲ್ಲಿ ದೀಪಾವಳಿಗೆ, ಯುಗಾದಿಗೆ ಊರಿಗೆ ಹೋಗಲಾಗದೆ ಉಳಿಯುವ ಮಕ್ಕಳಿದ್ದಾರೆ. ಮಣಿಪುರದವರು, ಮಿಜೋರಾಮಿನವರು, ಆಫ್ರಿಕಾದ ದೇಶಗಳವರು. ಡಿಸೆಂಬರ್ 25ರಂದು ತಮ್ಮ ಹಬ್ಬವನ್ನೇ ಕೋಣೆಯಲ್ಲಿ ಒಬ್ಬರೇ ಕೂತು ಕಳೆಯುವವರೂ ಅವರಲ್ಲಿದ್ದಾರೆ. ಅವರಲ್ಲೊಬ್ಬರನ್ನು ಕರೆಯಿರಿ. ಅದು ಸುಲಭದ ಭಾಗ, ಅವರು ಹೊರಟು ಹೋಗುತ್ತಾರೆ. ಆಮೇಲೆ ಹೊರಟು ಹೋಗದವರನ್ನು, ನಿಮ್ಮದೇ ಊರಿನ ಇನ್ನೊಂದು ತುದಿಯಲ್ಲಿ ಇರುವವರನ್ನು ಕರೆಯಿರಿ. ಅವರು ಕರೆದಾಗ ಹೋಗಿ ಉಂಡು ಬನ್ನಿ.

ನಮ್ಮ ಮುಂದಿನ ಎಳ್ಳಮಾವಾಸ್ಯೆಯ ಅಡುಗೆ ಯಾರ ಮನೆಯ ಒಲೆಯ ಮೇಲೆ ಆಗಬೇಕು ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಇಬ್ಬರ ಅವ್ವಂದಿರೂ ಸಂತೆಯಲ್ಲಿ ಸಿಕ್ಕಾಗ ಒಬ್ಬರಿಗೊಬ್ಬರು ಎಳ್ಳಿನ ಬೆಲೆ ಕೇಳಿದರಂತೆ. ದೊಡ್ಡಪ್ಪನಿಗೆ ಬುತ್ತಿಯನ್ನು ಟ್ರ್ಯಾಕ್ಟರ್ ನೆರಳಿಗೇ ಒಯ್ದು ಕೊಡುವ ಕೆಲಸ ಈ ಸಲ ಕೇರಿಯವನದ್ದು ಎಂದು ಮಾತ್ರ ನಾವಿಬ್ಬರು ಮಾತಾಡಿಕೊಂಡಿದ್ದೇವೆ.